ಕುವೆಂಪುನಗರದ ತಾರಸಿ: ಡ್ರಿಲ್ ಇಲ್ಲದೆ ಹನ್ನೊಂದು ಕುಂಡಗಳಿಗೆ ದಾರಿ ಮಾಡಿದ ಪ್ರಕರಣ

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಕೆಳಗೆ ಓನರ್ ಇದ್ದಾರೆ, ಮೇಲಿನ ಮನೆಯಲ್ಲಿ ನನ್ನ ಚಿಕ್ಕಮ್ಮ, ಚಿಕ್ಕಪ್ಪ ಬಾಡಿಗೆಗಿದ್ದಾರೆ. ತಾರಸಿಯಲ್ಲಿ ಹನ್ನೊಂದು ಪ್ಲಾಸ್ಟಿಕ್ ಕುಂಡಗಳಿವೆ. ಎಲ್ಲಾ ಅವರ ಮಗಳು ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ತರಿಸಿಕೊಟ್ಟವು. ಬಣ್ಣ ಚೆನ್ನಾಗಿದೆ, ಗಟ್ಟಿಯಾಗಿವೆ, ಆದರೆ ಒಂದಕ್ಕೂ ಅಡಿಯಲ್ಲಿ ತೂತಿರಲಿಲ್ಲ. ಬೇಸಿಗೆಯಲ್ಲಿ ಅಳೆದು ನೀರು ಹಾಕುತ್ತಿದ್ದರು, ಗಿಡಗಳೂ ಚೆನ್ನಾಗೇ ಇದ್ದವು. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಒಂದೊಂದಾಗಿ ಸೋತವು. ಮೊದಲು ಮೆಣಸಿನ ಗಿಡಗಳು ಹೋದವು, ಆಮೇಲೆ ತುಳಸಿ. ಕರಿಬೇವು ಎಲೆ ಉದುರಿಸಿಕೊಂಡು ಬರೀ ಕಡ್ಡಿಯಾಗಿ ನಿಂತಿತು. ಮೈಸೂರು ಮಲ್ಲಿಗೆ ಹಳದಿಗೆ ತಿರುಗಿತು.

"ನೀರು ಜಾಸ್ತಿ ಆಯ್ತೋ ಕಮ್ಮಿ ಆಯ್ತೋ ಒಂದೂ ಗೊತ್ತಾಗ್ತಿಲ್ಲ ಕಣೋ. ಬಾಡಿದೆ ಅಂತ ನೀರು ಹಾಕಿದ್ರೆ ಇನ್ನೂ ಬಾಡುತ್ತೆ" ಅಂತ ಚಿಕ್ಕಮ್ಮ ಫೋನ್‌ನಲ್ಲಿ ಹೇಳಿದರು. ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಮಣ್ಣು ಒದ್ದೆ ಇದ್ದು ಎಲೆ ಜೋತುಬಿದ್ದಿದೆ ಅಂದರೆ ಬೇರು ಕೆಲಸ ಮಾಡುತ್ತಿಲ್ಲ.

ಡ್ರಿಲ್ ಇಲ್ಲದೆ ತೂತು ಹಾಕುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಆದರೆ ಮೊದಲು ಕೇಳಬೇಕಾದ್ದು ಬೇರೆ ಇದೆ. ಕುಂಡದೊಳಗೆ ನೀರು ಎಲ್ಲಿ ನಿಲ್ಲುತ್ತದೆ? ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ? ಇವೆರಡು ಗೊತ್ತಾದರೆ ತೂತಿಗೆ ಮನೆಯಲ್ಲಿರುವ ಯಾವ ಸಾಮಾನಾದರೂ ಸಾಕು. ಇವು ಗೊತ್ತಿಲ್ಲದಿದ್ದರೆ ಒಳ್ಳೇ ಡ್ರಿಲ್ ಇದ್ದರೂ ಗಿಡ ಉಳಿಯುವುದಿಲ್ಲ.

ಬೇರು ಬಿಡಿಸಿ ನೋಡಿದಾಗ

ಸತ್ತ ಮೆಣಸಿನ ಗಿಡವೊಂದನ್ನು ಕಿತ್ತು ಹಳೇ ಪೇಪರ್ ಮೇಲೆ ಮಲಗಿಸಿದೆ. ಕೆಳಗಿನ ಮಣ್ಣು ಕಪ್ಪಗಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಗಾಳಿ ಇಲ್ಲದ ಮಣ್ಣಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ವಾಸನೆ ಅದರದ್ದೇ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಹಿತಕಿದ ಅವರೆಯ ಸಿಪ್ಪೆ ಜಾರುವ ಹಾಗೆ ಹೊರಗಿನ ಕಂದು ಸಿಪ್ಪೆ ಜಾರಿ ಕೈಗೆ ಬಂತು. ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಒಳ್ಳೇ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ, ಎಳೆದರೆ ಹೀಗೆ ಸಿಪ್ಪೆ ಬಿಡುವುದಿಲ್ಲ.

ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಗಾಳಿಗೆ ಜಾಗ ಇರುವುದಿಲ್ಲ. ಬೇರು ಸೋತಾಗ ಪಿಥಿಯಂ, ಫೈಟಾಫ್ತೊರಾದಂಥ, ಬೇರು ಕೊಳೆಸುವ ರೋಗಾಣುಗಳು ಹಿಡಿದುಕೊಳ್ಳುತ್ತವೆ. ವೀಳ್ಯದೆಲೆ ಬೆಳೆಯುವವರಿಗೆ ಬಳ್ಳಿಯ ಬುಡ ಕೊಳೆಯುವ ಕಾಟ ಚೆನ್ನಾಗಿ ಗೊತ್ತು, ಅದರ ಹಿಂದೆಯೂ ಇದೇ ಫೈಟಾಫ್ತೊರಾ ಇರುತ್ತದೆ. ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್‌ಗೆ ಆ ಅನುಕೂಲ ಇಲ್ಲ, ಅಡಿಯ ತೂತೊಂದೇ ದಾರಿ.

ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಮಲೆನಾಡಿಗೆ ಹೋಲಿಸಿದರೆ ಏನೂ ಅಲ್ಲ. ಜೂನ್, ಜುಲೈನಲ್ಲಿ ಇಲ್ಲಿ ಹೆಚ್ಚಾಗಿ ತುಂತುರು. ಜೋರು ಮಳೆ ಅಂದರೆ ಮೇ ತಿಂಗಳಿನದು, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನದು. ಒಂದು ಸಂಜೆ 50 ಮಿ.ಮೀ. ಹೊಡೆಯಿತು ಅಂದುಕೊಳ್ಳಿ. ಹನ್ನೆರಡು ಇಂಚಿನ ಬಾಯಿಯ ಕುಂಡದೊಳಗೆ ಮೂರೂವರೆ ಲೀಟರ್ ನೀರು ಬೀಳುತ್ತದೆ. 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಕುಂಡಕ್ಕೆ ಆರು ಲೀಟರ್. ಚಿಕ್ಕಮ್ಮ ಎಷ್ಟೇ ಅಳೆದು ನೀರು ಹಾಕಿದರೂ ಮಳೆ ಅಳೆದು ಸುರಿಯುವುದಿಲ್ಲವಲ್ಲ.

ಅವರು ಅಡಿಗೆ ಎರಡು ಇಂಚು ಜಲ್ಲಿ ಹಾಕಿದ್ದರು. "ನೀರು ಕೆಳಗಿಳಿದು ಜಲ್ಲಿಯಲ್ಲಿ ನಿಲ್ಲುತ್ತೆ, ಬೇರಿಗೆ ತಾಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ?" ಹೇಳುವುದು ನಿಜ. ಆದರೆ ನಯವಾದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ಇನ್ನು ಹಿಡಿಯಲಾರೆ ಅನ್ನುವವರೆಗೂ ನೀರು ಅಲ್ಲೇ ನಿಲ್ಲುತ್ತದೆ. ತೂತಿರುವ ಕುಂಡದಲ್ಲೂ ತಳದ ಒಂದು ಪದರ ಯಾವಾಗಲೂ ಒದ್ದೆಯಾಗಿರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಎರಡು ಇಂಚು ಮೇಲೆ, ಬೇರಿನ ಹತ್ತಿರಕ್ಕೇ ಬರುತ್ತದೆ. ಜಲ್ಲಿಯನ್ನು ಅವತ್ತೇ ತೆಗೆಸಿದೆ.

ನಡುವಿನ ತೂತು

ಇದು ಈ ಪ್ರಕರಣದ ಮುಖ್ಯ ಭಾಗ. ನಾನು ಹೋಗುವ ಮೊದಲೇ ಚಿಕ್ಕಪ್ಪ ದುಂಡನೆಯ ಮೂರು ಕುಂಡ ಖಾಲಿ ಮಾಡಿ, ಮಗುಚಿ ಹಾಕಿ, ನಾಲ್ಕಿಂಚಿನ ಮೊಳೆ ಹೊಡೆದಿದ್ದರು. ಒಂದು ಕುಂಡ ನಡುವಿನಿಂದ ಅಂಚಿನವರೆಗೆ ಸೀಳಿತು. ಉಳಿದೆರಡರಲ್ಲಿ ತೂತೇನೋ ಬಿತ್ತು, ಆದರೆ ಗಿಡ ನೆಟ್ಟ ಮೇಲೂ ನೀರು ನಿಲ್ಲುವುದು ತಪ್ಪಲಿಲ್ಲ. "ತೂತು ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ" ಅಂತ ಅವರು ಬೇಸರದಲ್ಲಿದ್ದರು.

ತೂತು ಹಾಕಿದ ಕುಂಡ ಒಂದನ್ನು ತೊಳೆದು ನೆಟ್ಟಗಿಟ್ಟು ಒಳಗೆ ಒಂದು ಲೋಟ ನೀರು ಸುರಿದೆ. ಮೂವರೂ ಬಗ್ಗಿ ನೋಡಿದೆವು. ನೀರು ನಡುವಿನ ತೂತಿನ ಹತ್ತಿರಕ್ಕೂ ಹೋಗಲಿಲ್ಲ. ಗೋಡೆಯ ಪಕ್ಕದಲ್ಲೇ ಬಳೆಯ ಆಕಾರದಲ್ಲಿ ಸುತ್ತ ನಿಂತಿತು. ಇನ್ನೊಂದು ಲೋಟ ಸುರಿದ ಮೇಲೇ ಒಂದೊಂದು ಹನಿ ತೂತಿನಿಂದ ಇಳಿಯತೊಡಗಿದ್ದು. ಕುಂಡದ ತಳ ನಡುವೆ ಮೇಲಕ್ಕೆ ಉಬ್ಬಿತ್ತು, ಸುಮಾರು ಒಂದೂವರೆ ಸೆಂಟಿಮೀಟರ್. ತಳಕ್ಕೆ ಬಲ ಬರಲಿ, ಕುಂಡ ಅಲ್ಲಾಡದೆ ಕೂರಲಿ ಅಂತ ಅಚ್ಚಿನಲ್ಲೇ ಹೀಗೆ ಮಾಡಿರುತ್ತಾರೆ. ಹೊರಗಿಂದ ಮಗುಚಿ ನೋಡಿದಾಗ ನಡುಭಾಗ ತಗ್ಗಾಗಿ ಕಾಣುತ್ತದೆ, ಮೊಳೆ ಹೊಡೆಯಲು ಅದೇ ಸರಿಯಾದ ಜಾಗ ಅನ್ನಿಸುತ್ತದೆ. ಒಳಗಿಂದ ನೋಡಿದರೆ ಅದೇ ಎಲ್ಲಕ್ಕಿಂತ ಎತ್ತರದ ಜಾಗ.

ಮೊಳೆಯಲ್ಲೂ ತೊಂದರೆ ಇತ್ತು. ಮೊಳೆ ಪ್ಲಾಸ್ಟಿಕ್ಕನ್ನು ಕತ್ತರಿಸಿ ತೆಗೆಯುವುದಿಲ್ಲ, ಸುಮ್ನೆ ಪಕ್ಕಕ್ಕೆ ತಳ್ಳುತ್ತದೆ. ಮೊಳೆ ಕಿತ್ತ ಮೇಲೆ ಪ್ಲಾಸ್ಟಿಕ್ ಮತ್ತೆ ಕೂಡಿಕೊಂಡು ತೂತು ಕಿರಿದಾಗುತ್ತದೆ. ಉಳಿದ ಸಣ್ಣ ಕಂಡಿಯನ್ನು ನಮ್ಮ ಕೆಂಪು ಮಣ್ಣಿನ ಜೇಡಿ ಮುಚ್ಚಿಬಿಡುತ್ತದೆ. ಸೀಳು ಬಿಟ್ಟದ್ದಕ್ಕೂ ಕಾರಣ ಇದೆ. ಮಗುಚಿದ ಕುಂಡದ ಉಬ್ಬಿನ ಕೆಳಗೆ ಆಸರೆಯೇ ಇರಲಿಲ್ಲ. ಪೆಟ್ಟು ಬಿದ್ದಾಗ ತಳ ಬಾಗುತ್ತದೆ, ಬಾಗಿದ ಕಡೆ ಬಿರಿಯುತ್ತದೆ. ಬಿಸಿಲಿಗೆ ಹಳತಾದ ಕುಂಡವಾದರೆ ಇನ್ನೂ ಬೇಗ. ಮೊಳೆಯೊಂದೇ ಇರುವವರು ಕುಂಡದೊಳಗೆ ಮರದ ತುಂಡು ಕೊಟ್ಟು ಹೊಡೆಯಬೇಕು. ಆದರೂ ಈ ದಾರಿ ನನಗೆ ಇಷ್ಟವಿಲ್ಲ.

ಹಾಗಾಗಿ ಸಾಮಾನು ಕೈಗೆತ್ತಿಕೊಳ್ಳುವ ಮೊದಲು ಪ್ರತಿ ಖಾಲಿ ಕುಂಡಕ್ಕೂ ಒಂದು ಲೋಟ ನೀರು ಸುರಿದು, ನೀರು ನಿಂತ ಕಡೆಯೆಲ್ಲ ಮಾರ್ಕರ್‌ನಲ್ಲಿ ಗುರುತು ಹಾಕಿದೆವು. ದುಂಡು ಕುಂಡಗಳಲ್ಲಿ ಗುರುತು ಅಂಚಿನ ಸುತ್ತ ಬಂತು. ಉದ್ದನೆಯ ನಾಲ್ಕರಲ್ಲಿ ತಳದ ಎರಡು ಉದ್ದ ತಗ್ಗುಗಳ ಮೇಲೆ ಬಂತು.

ಉದ್ದನೆಯವನ್ನು ಮಗುಚಿದಾಗ ಇನ್ನೊಂದು ವಿಷಯ ಸಿಕ್ಕಿತು. ತಳದಲ್ಲಿ ಚಿಕ್ಕ ಚಿಕ್ಕ ವೃತ್ತಗಳ ಗೆರೆ ಇತ್ತು. ಬೆರಳಾಡಿಸಿದರೆ ಅಲ್ಲಿ ಪ್ಲಾಸ್ಟಿಕ್ ತೆಳುವಾಗಿದೆ ಅಂತ ಗೊತ್ತಾಗುತ್ತಿತ್ತು. ಬೇಕಾದವರು ತೆಗೆದುಕೊಳ್ಳಲಿ ಅಂತ ತಯಾರಿಸುವವರೇ ಬಿಟ್ಟ ತೂತಿನ ಗುರುತುಗಳು ಅವು. ಸ್ಕ್ರೂಡ್ರೈವರ್ ಇಟ್ಟು ಅಂಗೈಯಲ್ಲಿ ಒತ್ತಿದರೆ ಬಿಲ್ಲೆ ಟಪ್ಪಂತ ಕಳಚಿ ಬಂತು. ನಾಲ್ಕು ಕುಂಡದ ಕೆಲಸ ಕಾಫಿ ಆರುವುದರೊಳಗೆ ಮುಗಿಯಿತು. ಕುಂಡ ತಂದ ದಿನವೇ ಒಮ್ಮೆ ಮಗುಚಿ ನೋಡುವುದು ಒಳ್ಳೇದು.

ಬಿಸಿ ಮಾಡಬಹುದೋ ಬೇಡವೋ

ಉಳಿದದ್ದು ಆರು ದುಂಡು ಕುಂಡ, ಒಂದು ಎತ್ತರದ ಹೊಳೆಯುವ ಬಿಳಿ ಕುಂಡ. ಡ್ರಿಲ್ ಇಲ್ಲದವರಿಗೆ ಬಿಸಿ ಕಬ್ಬಿಣ ಸುಲಭದ ದಾರಿ, ಆದರೆ ಎಲ್ಲಾ ಪ್ಲಾಸ್ಟಿಕ್ಕಿಗೂ ಬಿಸಿ ತಾಗಿಸುವಂತಿಲ್ಲ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಕೆಟ್ಟದ್ದು. ಪಾಲಿಸ್ಟೈರೀನ್, ಎಬಿಎಸ್ ಅನ್ನುವ ಪ್ಲಾಸ್ಟಿಕ್‌ಗಳ ಹೊಗೆಯೂ ಒಳ್ಳೆಯದಲ್ಲ.

ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದೆಯಾ ನೋಡಬೇಕು. 2 ಮತ್ತು 4 ಅಂದರೆ ಪಾಲಿಥೀನ್ ಬಗೆಗಳು, 5 ಅಂದರೆ ಪಾಲಿಪ್ರೊಪಿಲೀನ್. ತೆರೆದ ಜಾಗದಲ್ಲಿ, ಎಚ್ಚರಿಕೆಯಿಂದ ಇವನ್ನು ಕರಗಿಸಬಹುದು. 3 ಅಂದರೆ ಪಿವಿಸಿ, 6 ಅಂದರೆ ಪಾಲಿಸ್ಟೈರೀನ್, ಇವಕ್ಕೆ ಬಿಸಿ ಬೇಡ. ನಮ್ಮ ದುಂಡು ಕುಂಡಗಳಲ್ಲಿ 5 ಇತ್ತು. ಬಿಳಿ ಕುಂಡದಲ್ಲಿ ಯಾವ ಗುರುತೂ ಇರಲಿಲ್ಲ.

ಗುರುತು ಇಲ್ಲದಿದ್ದಾಗ ಒಂದು ಸುಲಭ ಪರೀಕ್ಷೆ ಇದೆ. ಅಂಚಿನಿಂದ ಬ್ಲೇಡಿನಲ್ಲಿ ಉಗುರಿನಷ್ಟು ಚೂರು ಹೆರೆದು, ಸೋಪಿನ ಒಂದು ಹನಿ ಬೆರೆಸಿದ ನೀರಿಗೆ ಹಾಕಿ ಮುಳುಗಿಸಿ ಬಿಡಿ. ಸೋಪು ಯಾಕೆ ಅಂದರೆ, ಇಲ್ಲದಿದ್ದರೆ ಭಾರದ ಚೂರೂ ನೀರಿನ ಮೇಲ್ಮೈಯಲ್ಲಿ ನಿಂತು ಮೋಸ ಮಾಡುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಪಿವಿಸಿ, ಪಾಲಿಸ್ಟೈರೀನ್, ಎಬಿಎಸ್ ಮುಳುಗುತ್ತವೆ. ಸೀಮೆಸುಣ್ಣದ ಪುಡಿಯಂಥದ್ದು ಬೆರೆಸಿದ ಪಾಲಿಪ್ರೊಪಿಲೀನೂ ಮುಳುಗಬಹುದು, ಇರಲಿ. ಮುಳುಗಿದ್ದಕ್ಕೆಲ್ಲ ಬಿಸಿ ಬೇಡ ಅಂತ ಇಟ್ಟುಕೊಂಡರೆ ನಷ್ಟವೇನಿಲ್ಲ. ದುಂಡು ಕುಂಡದ ಚೂರು ಸ್ಟೀಲ್ ಲೋಟದಲ್ಲಿ ತಕ್ಷಣ ಮೇಲೆ ಬಂತು. ಬಿಳಿಯದು ತಳ ಸೇರಿತು.

ತೂತು ಹಾಕಿದ ಬಗೆ

ಓನರ್ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅವನ ಹತ್ತಿರ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕುವ, ಕರೆಂಟಿನಲ್ಲಿ ಕಾಯುವ ಕಡ್ಡಿ) ಇತ್ತು. ಬಿಸಾಡಲು ಇಟ್ಟಿದ್ದ ಹಳೇ ತುದಿಯನ್ನೇ ಹಾಕಿಸಿಕೊಂಡೆ, ಯಾಕಂದರೆ ಪ್ಲಾಸ್ಟಿಕ್ ಮೆತ್ತಿದ ತುದಿ ಆಮೇಲೆ ಬೆಸುಗೆಗೆ ಸರಿಹೋಗುವುದಿಲ್ಲ. ತಾರಸಿಯಲ್ಲಿ ಗಾಳಿ ಬೆನ್ನಿಗೆ ಬರುವ ಹಾಗೆ ಕುಳಿತೆವು. ಕುಂಡವನ್ನು ತೊಡೆಯ ಮೇಲಿಟ್ಟುಕೊಳ್ಳದೆ ಎರಡು ಇಟ್ಟಿಗೆಗಳ ಮೇಲೆ ಮಗುಚಿಟ್ಟೆವು.

ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಐರನ್ನಿನ ತುದಿ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಆದ್ದರಿಂದ ಒತ್ತುವ ಅಗತ್ಯವೇ ಇಲ್ಲ. ಗುರುತಿನ ಮೇಲೆ ತುದಿ ಇಟ್ಟು ಕೈ ಸಡಿಲ ಬಿಟ್ಟರೆ ತಾನೇ ಇಳಿಯುತ್ತದೆ. ಇಳಿದ ಮೇಲೆ ನಿಧಾನಕ್ಕೆ ಸುತ್ತ ಆಡಿಸಿ ತೂತನ್ನು ಎಂಟರಿಂದ ಹತ್ತು ಮಿಲಿಮೀಟರ್‌ಗೆ ಹಿಗ್ಗಿಸಬೇಕು. ಇದಕ್ಕಿಂತ ತುಂಬಾ ಚಿಕ್ಕದಾದರೆ ನೀರೇ ತೂತಿನ ಬಾಯಲ್ಲಿ ಹಿಡಿದು ನಿಲ್ಲುತ್ತದೆ, ಮಣ್ಣೂ ಕಟ್ಟುತ್ತದೆ. ಹನ್ನೆರಡು ಇಂಚಿನ ಕುಂಡಕ್ಕೆ ಅಂಚಿನ ಸುತ್ತ ಆರು ತೂತು ಹಾಕಿದೆವು.

ಮುಖ್ಯವಾದದ್ದೊಂದು ಇದೆ, ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಕರಗಿದ ಪ್ಲಾಸ್ಟಿಕ್ ಎಲ್ಲಿಗೂ ಹೋಗುವುದಿಲ್ಲ, ತೂತಿನ ಎರಡೂ ಬದಿಯಲ್ಲಿ ತುಟಿಯ ಹಾಗೆ ಉಬ್ಬಿ ಗಟ್ಟಿಯಾಗುತ್ತದೆ. ಒಳಗಿನ ತುಟಿ ಎರಡು ಮೂರು ಮಿಲಿಮೀಟರ್ ಎತ್ತರ ಇದ್ದರೂ ಅದು ಪುಟ್ಟ ಒಡ್ಡೇ ಆಯಿತು, ಅಷ್ಟು ನೀರು ತಳದಲ್ಲಿ ನಿಂತೇ ಇರುತ್ತದೆ. ತಣ್ಣಗಾದ ಮೇಲೆ ಕಟ್ಟರ್‌ನಿಂದ ತಳಕ್ಕೆ ಸಮವಾಗಿ ಹೆರೆಯಬೇಕು. ಚಿಕ್ಕಪ್ಪ ಈ ಕೆಲಸ ಹಿಡಿದುಕೊಂಡರು. ಒಂದೊಂದು ತೂತಿಗೂ ಬೆರಳಿಟ್ಟು ಸವರಿ, ಸಮ ಆಯಿತು ಅನ್ನಿಸಿದ ಮೇಲೇ ಮುಂದಿನದಕ್ಕೆ ಹೋಗುತ್ತಿದ್ದರು.

ಮೂರನೇ ಕುಂಡಕ್ಕೆ ಬರುವಾಗ ಕರೆಂಟ್ ಹೋಯಿತು. ಚಿಕ್ಕಮ್ಮನ ಹತ್ತಿರ ಹಳೇ ಕಬ್ಬಿಣದ ಅಗ್ಗಿಷ್ಟಿಕೆ ಇತ್ತು. ಬೀದಿಯ ಇಸ್ತ್ರಿ ಗಾಡಿಯವರ ಹತ್ತಿರ ಒಂದಿಷ್ಟು ಇದ್ದಿಲು ತಂದು ತಾರಸಿಯಲ್ಲೇ ಹಚ್ಚಿದೆವು. ಅಡುಗೆಮನೆಯ ಗ್ಯಾಸ್ ಒಲೆಯಲ್ಲೂ ಕಾಯಿಸಬಹುದು, ಆದರೆ ಕಾದ ಕಬ್ಬಿಣ ಹಿಡಿದು ಮೆಟ್ಟಿಲು ಹತ್ತುವುದು ಬೇಡ. ಎರಡು ಹಳೇ ಸ್ಕ್ರೂಡ್ರೈವರ್‌ಗಳನ್ನು ಸರದಿಯಲ್ಲಿ ಕಾಯಿಸಿದೆವು, ಒಂದು ಕೆಲಸದಲ್ಲಿದ್ದಾಗ ಇನ್ನೊಂದು ಕೆಂಡದಲ್ಲಿ. ಪ್ಲಾಸ್ಟಿಕ್ ಹಿಡಿಕೆ ಕರಗದಂತೆ ಬುಡವನ್ನು ಕೆಂಡದಿಂದ ದೂರ ಇಟ್ಟು, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದೆವು. ಕಾಯಿಸಿದ ಸ್ಕ್ರೂಡ್ರೈವರ್ ತುದಿ ಮೆತ್ತಗಾಗುತ್ತದೆ, ಮತ್ತೆ ಸ್ಕ್ರೂಗೆ ಬರುವುದಿಲ್ಲ. ಒಳ್ಳೆಯದನ್ನು ಹಾಳು ಮಾಡಬೇಡಿ. ಜಿಐ ಪೈಪಿನ ತುಂಡು ಕಾಯಿಸುವುದೂ ಬೇಡ, ಅದರ ಸತುವಿನ ಲೇಪನ ಕೆಂಪಗೆ ಕಾದರೆ ಹೊಗೆ ಬಿಡುತ್ತದೆ. ಬರೀ ಕಬ್ಬಿಣದ ಸರಳು ಸಾಕು.

ಸೀಳಿದ ಕುಂಡವನ್ನು ಎಸೆಯಲಿಲ್ಲ. ಸೀಳಿನ ತುದಿಯಲ್ಲಿ ಒಂದು ದುಂಡು ತೂತು ಕರಗಿಸಿದರೆ ಸೀಳು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಸೀಳಿನ ಎರಡೂ ಬದಿ ಸಣ್ಣ ತೂತು ಹಾಕಿ ತಾಮ್ರದ ತಂತಿಯಲ್ಲಿ ಹೊಲಿದೆವು.

ಮಲ್ಲಿಗೆಯ ಕುಂಡವನ್ನು ಖಾಲಿ ಮಾಡಲಿಲ್ಲ. ಬೇರು ಮೊದಲೇ ಸೋತಿತ್ತು, ಕಿತ್ತರೆ ಉಳಿಯುವ ಭರವಸೆ ಇರಲಿಲ್ಲ. ಅದಕ್ಕೆ ಪಕ್ಕದ ಗೋಡೆಯಲ್ಲಿ, ತಳಕ್ಕೆ ತಾಗಿದಂತೆ ಹೊರಗಿನಿಂದಲೇ ತೂತು ಹಾಕಿದೆವು. ಒದ್ದೆ ಮಣ್ಣು ತಾಗಿದ ತಕ್ಷಣ ಕಬ್ಬಿಣ ಚುಯ್ ಅಂತ ಆರುತ್ತದೆ, ಹಾಗಾಗಿ ಮತ್ತೆ ಮತ್ತೆ ಕಾಯಿಸಬೇಕಾಯಿತು. ಮೊದಲ ತೂತು ಬಿದ್ದ ಕೂಡಲೇ ಕಪ್ಪು ನೀರು ಹರಿದು ಬಂತು, ತುಂಬಾ ಹೊತ್ತು ನಿಲ್ಲಲೇ ಇಲ್ಲ.

ಬಿಳಿ ಕುಂಡಕ್ಕೆ ಬಿಸಿ ಬೇಡ ಅಂತ ಆಗಿತ್ತು. ಡ್ರಿಲ್ ಮೆಷಿನ್ ಇಲ್ಲದಿದ್ದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್ ಬಿಟ್ ಒಂದನ್ನೇ ಕೊಡುತ್ತಾರೆ. ಅದರ ಬುಡಕ್ಕೆ ದಪ್ಪ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದರೆ ಪ್ಲಾಸ್ಟಿಕ್ ಸುರುಳಿ ಸುರುಳಿಯಾಗಿ ಬಿಡುತ್ತದೆ. ಗುರುತಿನ ಮೇಲೆ ಟೇಪ್ ಅಂಟಿಸಿದರೆ ತುದಿ ಜಾರುವುದಿಲ್ಲ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಬಡಗಿಯ ಕೈ ಬೈರಿಗೆ ಸಿಕ್ಕರೆ ಇನ್ನೂ ಸಲೀಸು. ತಳದ ಅಂಚು ಪೀಠದ ಹಾಗೆ ಕೆಳಗಿಳಿದಿರುವ ಕುಂಡವಾದರೆ ಆ ಪೀಠದಲ್ಲೂ ಹ್ಯಾಕ್ಸಾ ಬ್ಲೇಡಿನಿಂದ ಒಂದೆರಡು ಕಚ್ಚು ಹಾಕಬೇಕು, ಇಲ್ಲದಿದ್ದರೆ ತೂತಿನಿಂದ ಬಂದ ನೀರು ಪೀಠದೊಳಗೇ ಸಿಕ್ಕಿಕೊಳ್ಳುತ್ತದೆ.

ಕೆಳಗಿನ ಮನೆ

ತೂತು ಬಿದ್ದರೆ ನೀರು ಹೊರಗೆ ಬರುತ್ತದೆ, ಅದಕ್ಕೂ ಒಂದು ದಾರಿ ಬೇಕಲ್ವಾ? ಕುಂಡಗಳು ತಾರಸಿಯ ಮುಂದಿನ ಅಂಚಿನಲ್ಲಿದ್ದವು. ಕೆಂಪು ನೀರು ಗೋಡೆಗುಂಟ ಇಳಿದು ಕೆಳಗೆ ಒಣಹಾಕಿದ ಬಟ್ಟೆಗೆ ಬೀಳುತ್ತದೆ ಅನ್ನುವುದು ಓನರ್ ಆಂಟಿಯ ಆತಂಕ. ನ್ಯಾಯವಾದದ್ದೇ. ಮೊದಲಿಗೆ ತೂತಿಲ್ಲದ ಕುಂಡಗಳನ್ನು ಚಿಕ್ಕಮ್ಮ ಒಪ್ಪಿಕೊಂಡದ್ದೂ ಇದೇ ಕಾರಣಕ್ಕೆ.

"ಪ್ರತಿಯೊಂದಕ್ಕೂ ಅಡಿಗೆ ಪ್ಲೇಟ್ ಇಡಿ" ಅಂದರು ಆಂಟಿ. ಮಳೆಗಾಲಕ್ಕೆ ಅದು ಬೇಡ ಅಂದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಪ್ಲೇಟಿನಲ್ಲಿ ನಿಂತ ಆ ಚೂರು ನೀರೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು ಅಷ್ಟೇ. ಒಣಗಿದ ಪ್ಲೇಟಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಕಾದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ಆಂಟಿಗೂ ನೆನಪಿತ್ತು, ಪ್ಲೇಟಿನ ಮಾತು ಅಲ್ಲಿಗೇ ನಿಂತಿತು.

ತಾರಸಿಯ ಮೇಲೆ ಒಂದು ಬಕೆಟ್ ನೀರು ಸುರಿದು ಇಳಿಜಾರು ನೋಡಿದೆವು. ನೀರು ಹಿಂದಿನ ಮೂಲೆಯ ಪೈಪಿನ ಕಡೆಗೆ ಹರಿಯಿತು. ಕುಂಡಗಳನ್ನೆಲ್ಲ ಆ ದಾರಿಗೆ ಸಾಲಾಗಿ ತಂದಿಟ್ಟೆವು. ಪ್ರತಿ ಕುಂಡದ ಕೆಳಗೆ ಮೂರು ಹೆಂಚಿನ ಚೂರು ಕೊಟ್ಟೆವು. ನಯವಾದ ತಾರಸಿಯ ಮೇಲೆ ಕುಂಡ ಸಪಾಟಾಗಿ ಕೂತರೆ ಅಡಿಯ ತೂತುಗಳು ಮುಚ್ಚಿಹೋಗುತ್ತವೆ. ಬೆರಳು ಹೋಗುವಷ್ಟು ಸಂದು ಇದ್ದರೆ ನೀರೂ ಹೋಗುತ್ತದೆ, ಗಾಳಿಯೂ ಆಡುತ್ತದೆ. ಮಣ್ಣು ಕೊಚ್ಚಿ ಹೋಗದಂತೆ ಒಳಗೆ ಹಳೇ ಸೊಳ್ಳೆಪರದೆಯ ತುಂಡು ಹಾಸಿದೆವು. ಬರೀ ಕೆಂಪು ಮಣ್ಣಿನ ಬದಲು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ ಬೆರೆಸಿ, ಸ್ವಲ್ಪ ದಪ್ಪ ಮರಳು ಸೇರಿಸಿದೆವು.

ಅಕ್ಟೋಬರ್ ಮಳೆ ಮುಗಿದ ಮೇಲೆ

ದೊಡ್ಡಪತ್ರೆಯ ಕೊಳೆತ ಭಾಗ ಕತ್ತರಿಸಿ ತುದಿಗಳನ್ನು ನೆಟ್ಟದ್ದು ಎಲ್ಲಕ್ಕಿಂತ ಬೇಗ ಹತ್ತಿಕೊಂಡಿತು. ಮಲ್ಲಿಗೆ ಹಳದಿ ಎಲೆಗಳನ್ನೆಲ್ಲ ಉದುರಿಸಿ ಬುಡದಿಂದ ಹೊಸ ಚಿಗುರು ಬಿಟ್ಟಿದೆ. ಹೂವಿಗೆ ಬೇಸಿಗೆವರೆಗೆ ಕಾಯಬೇಕು. ಕರಿಬೇವು ಮಾತ್ರ ಇನ್ನೂ ಕಡ್ಡಿಯಾಗೇ ಇದೆ. ತೊಗಟೆ ಉಗುರಲ್ಲಿ ಕೆರೆದರೆ ಒಳಗೆ ಹಸಿರು ಕಾಣುತ್ತದೆ, ಹಾಗಾಗಿ ಕೀಳಬೇಡಿ ಅಂದಿದ್ದೇನೆ. ತುಳಸಿ, ಮೆಣಸಿನ ಗಿಡ ಹೊಸದಾಗಿ ನೆಟ್ಟಿದ್ದಾರೆ. ಹಿಂದೆ ಗಿಡ ಸತ್ತಿದ್ದ ಕುಂಡಗಳನ್ನು ಸೋಪುನೀರಲ್ಲಿ ಉಜ್ಜಿ ಬಿಸಿಲಲ್ಲಿ ಒಣಗಿಸಿ, ಮಣ್ಣನ್ನೂ ಪೂರ್ತಿ ಬದಲಿಸಿದ ಮೇಲೇ ನೆಟ್ಟದ್ದು.

ಈಗ ಇರುವ ಕೆಲಸ ತೂತುಗಳು ಕಟ್ಟದಂತೆ ನೋಡಿಕೊಳ್ಳುವುದು. ಬೇರು ಬೆಳೆದು ಒಳಗಿಂದ ಅಡ್ಡ ಬರುತ್ತದೆ, ಜೇಡಿಯೂ ಕೂಡುತ್ತದೆ. ನೀರು ಹಾಕಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಅಡಿಯಿಂದ ಬರುತ್ತಿದೆಯಾ ಅಂತ ಚಿಕ್ಕಮ್ಮ ಬಗ್ಗಿ ನೋಡುತ್ತಾರೆ. ಬಾರದಿದ್ದರೆ ಕುಂಡವನ್ನು ಒಂದು ಕಡೆ ವಾಲಿಸಿ ತೆಂಗಿನಗರಿ ಕಡ್ಡಿಯಿಂದ ಚುಚ್ಚುತ್ತಾರೆ. ಉದ್ದನೆಯ ಕುಂಡವೊಂದರಲ್ಲಿ ಮೂರು ತೂತು ಆಗಲೇ ಕಟ್ಟಿದ್ದವು, ಬಿಡಿಸಿ ಆಯಿತು. ಬಿಳಿ ಕುಂಡದಲ್ಲಿ ಕೈಯಲ್ಲಿ ಕೊರೆದ ನಾಲ್ಕೇ ತೂತುಗಳಿವೆ. ಅದರ ಎತ್ತರಕ್ಕೆ ಅಷ್ಟು ಸಾಲದು ಅನ್ನಿಸುತ್ತದೆ. ಮೇ ತಿಂಗಳ ಮಳೆಗೆ ಮೊದಲು ಇನ್ನೆರಡು ಕೊರೆಯಬೇಕು.